ಫೋಟೋದಲ್ಲಿ ವಸ್ತು ಎಲ್ಲಿದೆ? ಸಾಫ್ಟ್‌ವೇರ್‌ನಿಂದ ಜಾಗ ಹುಡುಕುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದೊಳಗಿನ ವಸ್ತುವಿನ ಜಾಗ ಹುಡುಕುವ ಕೆಲಸಕ್ಕೆ ಇಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಫಲಿತಾಂಶ ಕೆಟ್ಟಾಗ ಎಲ್ಲರೂ ಮೊದಲು ದೂರುವುದು ಮಾಡೆಲನ್ನು, ಅಂದರೆ ಉದಾಹರಣೆ ಚಿತ್ರಗಳಿಂದ ವಸ್ತು ಗುರುತಿಸಲು ಕಲಿತ ಪ್ರೋಗ್ರಾಮನ್ನು. ಆದರೆ ತಪ್ಪು ಹೆಚ್ಚಾಗಿ ಅಡಗಿರುವುದು ನಿರ್ದೇಶಾಂಕಗಳ ಲೆಕ್ಕದಲ್ಲಿ, ಚಿತ್ರದ ಅಳತೆ ಬದಲಾದ ಜಾಗದಲ್ಲಿ. ಅದಕ್ಕೇ ಆ ವಿಷಯಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

## ಮೊದಲ ಹೆಜ್ಜೆ

ಫೋಟೋದಲ್ಲಿ ವಸ್ತು ಹುಡುಕೋದು ಅಂದ್ರೆ ಕೊನೆಗೆ ಕೈಗೆ ಸಿಗೋದು ಏನು?

ನಾಲ್ಕು ಅಂಕಿ, ಒಂದು ಹೆಸರು, ಒಂದು ಸ್ಕೋರ್. ನಾಲ್ಕು ಅಂಕಿಗಳು ವಸ್ತುವನ್ನು ಸುತ್ತುವರಿದ ಆಯತವನ್ನು ಹೇಳುತ್ತವೆ. ಇದಕ್ಕೆ ಬೌಂಡಿಂಗ್ ಬಾಕ್ಸ್ ಎನ್ನುತ್ತಾರೆ. ಹೆಸರು ಅದು ಬಸ್ಸೋ ಹಸುವೋ ಎಂದು ತಿಳಿಸುತ್ತದೆ. ಸ್ಕೋರ್ ಸೊನ್ನೆಯಿಂದ 1ರ ಒಳಗಿನ ಸಂಖ್ಯೆ. ಸಾಫ್ಟ್‌ವೇರ್‌ಗೆ ಎಷ್ಟು ಖಾತ್ರಿಯಿದೆ ಎಂಬುದರ ಗುರುತು.

ಇದರ ಅಕ್ಕಪಕ್ಕದಲ್ಲೇ ಇನ್ನೆರಡು ಕೆಲಸಗಳಿವೆ. ‘ಈ ಚಿತ್ರದಲ್ಲಿ ಹಸು ಇದೆ’ ಎಂದಷ್ಟೇ ಹೇಳಿದರೆ ಅದು ವರ್ಗೀಕರಣ, ಅದರಲ್ಲಿ ಜಾಗ ಸಿಗುವುದಿಲ್ಲ. ಹಸುವಿನ ಮೈಗೆ ಸೇರಿದ ಒಂದೊಂದು ಪಿಕ್ಸೆಲನ್ನೂ ಬೇರ್ಪಡಿಸಿದರೆ ಅದು ಸೆಗ್ಮೆಂಟೇಶನ್. ಎಣಿಸುವುದಷ್ಟೇ ಇದ್ದರೆ ಬಾಕ್ಸ್ ಸಾಕು. ಎಲೆಯ ಎಷ್ಟು ಭಾಗಕ್ಕೆ ಚುಕ್ಕೆ ರೋಗ ಹರಡಿದೆ ಎಂದು ಅಳೆಯಬೇಕಿದ್ದರೆ ಬಾಕ್ಸ್ ಸಾಲದು. ಬಾಕ್ಸ್ ಎಳೆಯಲು ಎರಡು ಕ್ಲಿಕ್, ಅಂಚು ಹಿಡಿದು ಬಿಡಿಸಲು ಹತ್ತಾರು ಕ್ಲಿಕ್. ಸಾವಿರ ಚಿತ್ರಗಳಿಗೆ ಈ ವ್ಯತ್ಯಾಸ ವಾರಗಟ್ಟಲೆ ಕೆಲಸವಾಗುತ್ತದೆ. ಯಾವುದು ಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಎಕ್ಸ್ ಸರಿ ಇದೆ, ವೈ ಮಾತ್ರ ತಲೆಕೆಳಗಾಗಿ ಬರ್ತಿದೆ. ಯಾಕೆ?

ಶಾಲೆಯ ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಚಿತ್ರದಲ್ಲಿ ಮೂಲಬಿಂದು ಇರುವುದು ಎಡಗಡೆ ಮೇಲಿನ ಮೂಲೆಯಲ್ಲಿ. ವೈ ಕೆಳಕ್ಕೆ ಇಳಿದಂತೆ ಹೆಚ್ಚುತ್ತದೆ. 720 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನ ವೈ 719.

ಇದರ ಜೊತೆಗೇ ಬರುವ ಇನ್ನೊಂದು ಗೊಂದಲ ಪೈಥಾನ್‌ನದು. ನಮ್‌ಪೈ (ಅಂಕಿಗಳ ಲೆಕ್ಕದ ಲೈಬ್ರರಿ) ಅರೇಯಲ್ಲಿ ಮೊದಲು ಅಡ್ಡಸಾಲು, ಆಮೇಲೆ ಕಂಬಸಾಲು, ಅಂದರೆ ಮೊದಲು ವೈ, ಆಮೇಲೆ ಎಕ್ಸ್. ಚಿತ್ರಗಳ ಕೆಲಸದ ಲೈಬ್ರರಿಯಾದ ಓಪನ್‌ಸಿವಿಯ ಗೆರೆ ಎಳೆಯುವ, ಬಾಕ್ಸ್ ಬಿಡಿಸುವ ಫಂಕ್ಷನ್‌ಗಳಲ್ಲಿ ಮೊದಲು ಎಕ್ಸ್. ಒಂದೇ ಪ್ರೋಗ್ರಾಮಿನಲ್ಲಿ ಎರಡೂ ಇರುತ್ತವೆ. ಚೌಕಾಕಾರದ ಚಿತ್ರದ ಮೇಲೆ ಪರೀಕ್ಷಿಸಿದರೆ ಅದಲುಬದಲಾದದ್ದು ಕಣ್ಣಿಗೆ ಬೀಳದೇ ಹೋಗಬಹುದು. ಪರೀಕ್ಷೆಗೆ ಯಾವಾಗಲೂ ಅಗಲ ಬೇರೆ, ಎತ್ತರ ಬೇರೆ ಇರುವ ಚಿತ್ರ ಬಳಸಿ.

ಒಂದೇ ಬಾಕ್ಸ್‌ಗೆ ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ ನಂಬರ್ ಕೊಡುತ್ತೆ. ಯಾವುದು ಸರಿ?

ಎಲ್ಲವೂ ಸರಿ, ಬರೆಯುವ ಪದ್ಧತಿ ಬೇರೆ. ಪ್ಯಾಸ್ಕಲ್ ವಿಒಸಿ, ಕೋಕೋ ಎಂಬವು ಚಿತ್ರಸಂಗ್ರಹಗಳು, ಯೋಲೋ ಒಂದು ಮಾಡೆಲ್; ಅವುಗಳ ಹೆಸರೇ ಪದ್ಧತಿಗೂ ಬಂದಿದೆ. 1280×720 ಅಳತೆಯ ಚಿತ್ರ ತೆಗೆದುಕೊಳ್ಳಿ. ಬಾಕ್ಸ್‌ನ ಎಡ-ಮೇಲಿನ ಮೂಲೆ (320, 180), ಬಲ-ಕೆಳಗಿನ ಮೂಲೆ (480, 300).

ಪ್ಯಾಸ್ಕಲ್ ವಿಒಸಿ ಪದ್ಧತಿಯಲ್ಲಿ ಎರಡೂ ಮೂಲೆಗಳನ್ನು ಬರೆಯುತ್ತಾರೆ: 320, 180, 480, 300. ಕೋಕೋ ಪದ್ಧತಿಯಲ್ಲಿ ಮೊದಲ ಮೂಲೆ, ಅಗಲ, ಎತ್ತರ: 320, 180, 160, 120. ಯೋಲೋ ಪದ್ಧತಿಯಲ್ಲಿ ಬಾಕ್ಸ್‌ನ ನಡುಬಿಂದು, ಅಗಲ, ಎತ್ತರ. ಅದೂ ಚಿತ್ರದ ಅಳತೆಯಿಂದ ಭಾಗಿಸಿ: 0.3125, 0.3333, 0.125, 0.1667.

ಕೋಕೋ ಲೇಬಲನ್ನು (ಚಿತ್ರಕ್ಕೆ ಹಾಕಿಟ್ಟ ಗುರುತನ್ನು) ವಿಒಸಿ ಎಂದುಕೊಂಡು ಓದಿದರೆ ಇಲ್ಲಿ ಬಲ ಅಂಚು 160 ಎಂದಾಗುತ್ತದೆ, ಎಡ ಅಂಚಿಗಿಂತಲೂ ಎಡಕ್ಕೆ. ಆಗ ಪ್ರೋಗ್ರಾಮ್ ದೂರು ಕೊಟ್ಟು ನಿಲ್ಲಬಹುದು, ನಿಂತರೆ ಒಳ್ಳೆಯದೇ. ಅಪಾಯ ಇರುವುದು ನಿಲ್ಲದೇ ಹೋದಾಗ: ವಸ್ತು ಎಡ-ಮೇಲಿನ ಮೂಲೆಯ ಹತ್ತಿರವಿದ್ದರೆ ತಪ್ಪು ಓದಿದ ಅಂಕಿಗಳೂ ಸರಿಯಾದ ಬಾಕ್ಸ್‌ನಂತೆಯೇ ಕಾಣುತ್ತವೆ, ತರಬೇತಿ ಸದ್ದಿಲ್ಲದೆ ಕೆಡುತ್ತದೆ. ತರಬೇತಿ ಶುರು ಮಾಡುವ ಮುಂಚೆ ಕನಿಷ್ಠ 20 ಚಿತ್ರಗಳ ಮೇಲೆ ಲೇಬಲ್‌ಗಳನ್ನು ಬಿಡಿಸಿ ಕಣ್ಣಾರೆ ನೋಡಿ. ಈ ಹತ್ತು ನಿಮಿಷ ಉಳಿಸಲು ಹೋಗಿ ಇಡೀ ರಾತ್ರಿಯ ತರಬೇತಿ ಕಳೆದುಕೊಳ್ಳಬೇಡಿ.

ಎಐ ಇಲ್ಲದೆ ಆಗಲ್ವಾ? ಬಿಳಿ ಹಾಳೆ ಮೇಲೆ ಹರಡಿದ ಕಾಫಿ ಬೀಜ ಎಣಿಸಬೇಕು, ಅಷ್ಟೇ.

ಧಾರಾಳವಾಗಿ ಆಗುತ್ತದೆ. ಹಿನ್ನೆಲೆ ನಿಮ್ಮ ಕೈಯಲ್ಲಿದ್ದರೆ ಮಾಡೆಲ್ ತರಬೇತಿ ಬೇಕಿಲ್ಲ. ಓಪನ್‌ಸಿವಿಯಲ್ಲಿ ಹೀಗೆ ಮಾಡಿ:

1. ಚಿತ್ರವನ್ನು ಗ್ರೇಸ್ಕೇಲ್‌ಗೆ ತಿರುಗಿಸಿ, 5×5 ಗಾಸಿಯನ್ ಬ್ಲರ್ ಹಾಕಿ. ಹಾಳೆಯ ಒರಟುತನ ಮಾಯವಾಗುತ್ತದೆ.
2. ಓಟ್ಸು ಥ್ರೆಶೋಲ್ಡ್ ಹಾಕಿ. ಕಪ್ಪು-ಬಿಳುಪಿನ ಗಡಿಯನ್ನು ಅದೇ ಲೆಕ್ಕ ಹಾಕುತ್ತದೆ. ಬೀಜ ಬಿಳಿ, ಹಿನ್ನೆಲೆ ಕಪ್ಪು ಬರುವಂತೆ ತಿರುಗುಮುರುಗು ಮಾಡಿ.
3. 3×3 ಅಳತೆಯ ಓಪನಿಂಗ್ (ಬಿಳಿ ಭಾಗವನ್ನು ಸವೆಸಿ ಮತ್ತೆ ಬೆಳೆಸುವುದು) ಒಂದೆರಡು ಸಲ. ಧೂಳಿನ ಚುಕ್ಕೆಗಳು ಹೋಗುತ್ತವೆ.
4. ಕನೆಕ್ಟೆಡ್ ಕಾಂಪೊನೆಂಟ್ಸ್ ವಿತ್ ಸ್ಟ್ಯಾಟ್ಸ್ ಫಂಕ್ಷನ್ ಕರೆಯಿರಿ. ಪ್ರತಿ ತುಂಡಿನ ಬಾಕ್ಸ್, ವಿಸ್ತೀರ್ಣ, ಮಧ್ಯಬಿಂದು ಮೂರೂ ಸಿಗುತ್ತವೆ. ಮೊದಲನೆಯ ತುಂಡು ಹಿನ್ನೆಲೆಯದು, ಅದನ್ನು ಬಿಡಿ.

ಕೆಡುವುದು ಎರಡು ಕಡೆ. ಒಂದು, ಕಿಟಕಿಯ ಬೆಳಕು ಒಂದೇ ಪಕ್ಕದಿಂದ ಬಿದ್ದಾಗ. ಓಟ್ಸು ಇಡೀ ಚಿತ್ರಕ್ಕೆ ಒಂದೇ ಗಡಿ ಹಾಕುವುದರಿಂದ ನೆರಳಿನ ಹಾಳೆಯೂ ಬೀಜದ ಲೆಕ್ಕಕ್ಕೆ ಸೇರುತ್ತದೆ. ಬೆಳಕು ಸರಿಮಾಡಿ, ಆಗದಿದ್ದರೆ ಜಾಗಕ್ಕೊಂದು ಗಡಿ ಹಾಕುವ ಅಡಾಪ್ಟಿವ್ ಥ್ರೆಶೋಲ್ಡ್ ಬಳಸಿ, ಅದರ ಬ್ಲಾಕ್ ಅಳತೆ ಬೆಸಸಂಖ್ಯೆಯಾಗಿರಲಿ, ಒಂದು ಬೀಜಕ್ಕಿಂತ ದೊಡ್ಡದಿರಲಿ. ಎರಡು, ಬೀಜಗಳು ಒಂದಕ್ಕೊಂದು ತಾಗಿದಾಗ. ಪಠ್ಯಗಳೆಲ್ಲ ಇದಕ್ಕೆ ಡಿಸ್ಟೆನ್ಸ್ ಟ್ರಾನ್ಸ್‌ಫಾರ್ಮ್ ಮಾಡಿ ವಾಟರ್‌ಶೆಡ್ ಹಾಕಿ (ಪ್ರತಿ ಬೀಜದ ನಡುಭಾಗ ಗುರುತಿಸಿ, ತಾಗಿದ ಕಡೆ ಗಡಿ ಎಳೆಯಿರಿ) ಎನ್ನುತ್ತವೆ, ಅದು ಸರಿಯಾದ ದಾರಿಯೇ. ಎಣಿಕೆ ಮಾತ್ರ ಬೇಕಿದ್ದರೆ ಇನ್ನೂ ಸುಲಭದ್ದಿದೆ: ಎಲ್ಲ ತುಂಡುಗಳ ವಿಸ್ತೀರ್ಣದ ಮಧ್ಯಾಂಕ ತೆಗೆಯಿರಿ, ಅದರ ಎರಡರಷ್ಟಿರುವ ತುಂಡನ್ನು ಎರಡು ಬೀಜ, ಮೂರರಷ್ಟಿರುವುದನ್ನು ಮೂರು ಎಂದು ಎಣಿಸಿ. ಹೆಚ್ಚಿನ ಬೀಜಗಳು ಬಿಡಿಯಾಗಿದ್ದರೆ ಮಾತ್ರ ಇದು ನಡೆಯುತ್ತದೆ, ಆದ್ದರಿಂದ ಹರಡುವಾಗಲೇ ಕೈಯಾಡಿಸಿ ಬಿಡಿಸಿ.

ಕೆಂಪು ಹಣ್ಣು ಹುಡುಕಲು ಬಣ್ಣದ ಮಿತಿ ಹಾಕಿದೆ, ಅರ್ಧ ಹಣ್ಣು ಮಾತ್ರ ಸಿಗ್ತಿದೆ.

ಎಚ್‌ಎಸ್‌ವಿಯಲ್ಲಿ (ಬಣ್ಣವನ್ನು ಹ್ಯೂ ಅಂದರೆ ವರ್ಣ, ಗಾಢತೆ, ಹೊಳಪು ಎಂದು ಮೂರು ಅಂಕಿಗಳಲ್ಲಿ ಬರೆಯುವ ಪದ್ಧತಿ) ಬಣ್ಣಗಳು ಚಕ್ರದಂತೆ ಸುತ್ತುತ್ತವೆ, ಕೆಂಪು ಆ ಚಕ್ರದ ಎರಡೂ ತುದಿಗಳಲ್ಲಿದೆ. ಓಪನ್‌ಸಿವಿಯಲ್ಲಿ ಹ್ಯೂ 0ಯಿಂದ 179ರವರೆಗೆ, ಬೇರೆ ಕಡೆ ಇರುವಂತೆ 359ರವರೆಗಲ್ಲ. 0ಯಿಂದ 10 ಒಂದು ಮಾಸ್ಕ್ (ಆ ಬಣ್ಣದ ಪಿಕ್ಸೆಲ್‌ಗಳನ್ನಷ್ಟೇ ಆರಿಸಿದ ಚಿತ್ರ), 170ರಿಂದ 179 ಇನ್ನೊಂದು, ಎರಡನ್ನೂ ಸೇರಿಸಿ. ಓಪನ್‌ಸಿವಿ ಚಿತ್ರವನ್ನು ನೀಲಿ-ಹಸಿರು-ಕೆಂಪು ಕ್ರಮದಲ್ಲಿ ಓದುತ್ತದೆ ಎಂಬುದನ್ನೂ ನೆನಪಿಡಿ. ಕ್ರಮ ತಪ್ಪಿದರೆ ಕೆಂಪು ಟೊಮೆಟೊ ನೀಲಿಯಾಗಿರುತ್ತದೆ.

ಸ್ಕ್ರೀನ್‌ಶಾಟ್‌ನಲ್ಲಿ ಒಂದು ಬಟನ್ ಎಲ್ಲಿದೆ ಅಂತ ಹುಡುಕಿ ಕ್ಲಿಕ್ ಮಾಡಿಸಬೇಕು. ಯಾವ ವಿಧಾನ?

ಟೆಂಪ್ಲೇಟ್ ಮ್ಯಾಚಿಂಗ್. ಬಟನ್‌ನ ಚಿಕ್ಕ ಚಿತ್ರವನ್ನು ದೊಡ್ಡ ಚಿತ್ರದ ಮೇಲೆ ಒಂದೊಂದೇ ಪಿಕ್ಸೆಲ್ ಸರಿಸುತ್ತಾ ಎಲ್ಲಿ ಹೆಚ್ಚು ಹೊಂದುತ್ತದೆ ಎಂದು ನೋಡುವ ವಿಧಾನ. 1000×800 ಚಿತ್ರದಲ್ಲಿ 50×40 ತುಂಡು ಹುಡುಕಿದರೆ 951×761 ಅಳತೆಯ ಅಂಕಿಗಳ ಹಾಳೆ ಸಿಗುತ್ತದೆ. ಅದರಲ್ಲಿ ಅತಿ ಹೆಚ್ಚಿನ ಬೆಲೆ ಇರುವ ಜಾಗವೇ ನಿಮ್ಮ ಬಟನ್‌ನ ಎಡ-ಮೇಲಿನ ಮೂಲೆ. ನಡುವೆ ಕ್ಲಿಕ್ ಮಾಡಲು ಅದಕ್ಕೆ 25, 20 ಕೂಡಿಸಬೇಕು.

ಹೋಲಿಕೆ ಅಳೆಯುವ ಬಗೆಗಳಲ್ಲಿ ನಾರ್ಮಲೈಸ್ಡ್ ಕೋರಿಲೇಶನ್ ಆರಿಸಿ, 0.8ರ ಮಿತಿಯಿಂದ ಶುರುಮಾಡಿ. ಮಿತಿ ಹಾಕುವುದನ್ನು ಮರೆಯಬೇಡಿ: ಬಟನ್ ಚಿತ್ರದಲ್ಲಿ ಇಲ್ಲದಿದ್ದರೂ ಅತಿ ಹೆಚ್ಚಿನ ಬೆಲೆ ಎಂಬುದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಪ್ರೋಗ್ರಾಮ್ ಅಲ್ಲೇ ಕ್ಲಿಕ್ ಮಾಡುತ್ತದೆ.

ಜಾಗ ಸರಿ ಸಿಕ್ಕಿಯೂ ಕ್ಲಿಕ್ ತಪ್ಪಿದರೆ ಪರದೆಯ ಸ್ಕೇಲಿಂಗ್ ನೋಡಿ. ವಿಂಡೋಸ್‌ನಲ್ಲಿ 150% ಇಟ್ಟಿದ್ದರೆ ಸ್ಕ್ರೀನ್‌ಶಾಟ್‌ನ ಪಿಕ್ಸೆಲ್ ಲೆಕ್ಕವೂ ಮೌಸ್‌ನ ಲೆಕ್ಕವೂ ಬೇರೆಯಾಗಬಹುದು, ಆಗ 1.5ರಿಂದ ಭಾಗಿಸಬೇಕು.

ಅದೇ ಪುಸ್ತಕದ ರಕ್ಷಾಪುಟ, ಆದರೆ ಓರೆಯಾಗಿ, ದೂರದಿಂದ ತೆಗೆದ ಫೋಟೋ. ಟೆಂಪ್ಲೇಟ್‌ಗೆ ಸಿಗ್ತಿಲ್ಲ.

ಸಿಗುವುದಿಲ್ಲ. ತಿರುವು ಮತ್ತು ಗಾತ್ರ ಬದಲಾದರೆ ಟೆಂಪ್ಲೇಟ್ ಮ್ಯಾಚಿಂಗ್ ಕೈಕೊಡುತ್ತದೆ. ಇಲ್ಲಿ ಬೇಕಾದ್ದು ಫೀಚರ್ ಮ್ಯಾಚಿಂಗ್: ಎರಡೂ ಚಿತ್ರಗಳಲ್ಲಿ ಎದ್ದು ಕಾಣುವ ಬಿಂದುಗಳನ್ನು ಸಿಫ್ಟ್ ಅಥವಾ ಓಆರ್‌ಬಿ ವಿಧಾನದಿಂದ ಗುರುತಿಸಿ ಜೋಡಿ ಮಾಡುವುದು. ಪ್ರತಿ ಬಿಂದುವಿಗೆ ಅತಿ ಹತ್ತಿರದ ಎರಡು ಜೋಡಿ ತೆಗೆದು, ಮೊದಲನೆಯದರ ದೂರ ಎರಡನೆಯದರ 0.75ಕ್ಕಿಂತ ಕಡಿಮೆ ಇದ್ದರೆ ಮಾತ್ರ ಇಟ್ಟುಕೊಳ್ಳಿ. ಉಳಿದ ಜೋಡಿಗಳಿಂದ ರ‍್ಯಾನ್ಸಾಕ್ ಬಳಸಿ (ತಪ್ಪು ಜೋಡಿಗಳನ್ನು ಬಿಟ್ಟು) ಹೋಮೋಗ್ರಫಿ, ಅಂದರೆ ಒಂದು ಸಮತಲದ ಬಿಂದುಗಳನ್ನು ಇನ್ನೊಂದಕ್ಕೆ ಹೊಂದಿಸುವ ಲೆಕ್ಕ, ತೆಗೆದರೆ ಪುಸ್ತಕದ ನಾಲ್ಕೂ ಮೂಲೆಗಳು ಸಿಗುತ್ತವೆ. ಲೆಕ್ಕಕ್ಕೆ 4 ಜೋಡಿ ಸಾಕಾದರೂ 10ಕ್ಕಿಂತ ಕಡಿಮೆ ಉಳಿದರೆ ಫಲಿತಾಂಶ ನಂಬಬೇಡಿ. ಸಿಫ್ಟ್‌ನ ಪೇಟೆಂಟ್ 2020ರಲ್ಲೇ ಮುಗಿದಿದೆ, ನಿಶ್ಚಿಂತೆಯಿಂದ ಬಳಸಬಹುದು.

ಒಂದೇ ಬಣ್ಣದ ಖಾಲಿ ಡಬ್ಬ, ನಯವಾದ ಹಣ್ಣು, ಸ್ಟೀಲ್ ಲೋಟ ಇಂಥವಕ್ಕೆ ಈ ದಾರಿ ಹಿಡಿಯಬೇಡಿ. ಜೋಡಿಸಲು ಅವುಗಳ ಮೇಲೆ ಬಿಂದುಗಳೇ ಇರುವುದಿಲ್ಲ.

## ಮಾಡೆಲ್‌ಗಳ ವಿಷಯ

ಮುಖ ಹುಡುಕಲು ಹಾರ್ ಕ್ಯಾಸ್ಕೇಡ್ ಈಗಲೂ ಬಳಸಬಹುದಾ?

ನೇರ ಮುಖ, ಒಳ್ಳೆಯ ಬೆಳಕು, ಹಳೆಯ ಕಂಪ್ಯೂಟರ್ ಇದ್ದರೆ ಬಳಸಬಹುದು. 2001ರಲ್ಲಿ ವಿಯೋಲಾ ಮತ್ತು ಜೋನ್ಸ್ ರೂಪಿಸಿದ ಈ ವಿಧಾನದ ಜಾಣತನ ಕ್ಯಾಸ್ಕೇಡ್‌ನಲ್ಲಿದೆ. ಚಿತ್ರದ ಬಹುಪಾಲು ಮುಖವಲ್ಲ. ಮೊದಲ ಕೆಲವೇ ಪರೀಕ್ಷೆಗಳಲ್ಲಿ ಗೋಡೆ, ಆಕಾಶಗಳನ್ನು ತಳ್ಳಿಹಾಕಿ, ಚಿತ್ರದ ಉಳಿದ ತುಂಡುಗಳಿಗೆ ಮಾತ್ರ ಪೂರ್ಣ ಪರೀಕ್ಷೆ ನಡೆಸುತ್ತದೆ. ಸ್ಕೇಲ್ ಫ್ಯಾಕ್ಟರ್ (ಪ್ರತಿ ಸುತ್ತಿಗೆ ಅಳತೆ ಬದಲಿಸುವ ಪ್ರಮಾಣ) 1.1, ಮಿನ್ ನೇಬರ್ಸ್ (ಒಂದೇ ಜಾಗದಲ್ಲಿ ಕನಿಷ್ಠ ಎಷ್ಟು ಸಲ ಮುಖ ಕಾಣಬೇಕು) 5 ಇಟ್ಟು ಶುರುಮಾಡಿ. ಗೋಡೆಯ ಮೇಲೆಲ್ಲ ಮುಖ ಕಂಡರೆ ನೇಬರ್ಸ್ ಹೆಚ್ಚಿಸಿ, ಮುಖ ತಪ್ಪಿಹೋದರೆ ಸ್ಕೇಲನ್ನು 1.05ಕ್ಕೆ ಇಳಿಸಿ; ನಿಧಾನವಾಗುತ್ತದೆ. ಪಕ್ಕಕ್ಕೆ ತಿರುಗಿದ ಮುಖ, ಮಾಸ್ಕ್ ಹಾಕಿದ ಮುಖಗಳಿಗೆ ಇದು ಆಗುವುದಿಲ್ಲ, ನ್ಯೂರಲ್ ಮಾಡೆಲ್ ಬಳಸಿ.

ಯೋಲೋ, ಫಾಸ್ಟರ್ ಆರ್‌ಸಿಎನ್‌ಎನ್, ಡೆಟ್ರ್ ಅಂತೆಲ್ಲ ಇವೆ. ಯಾವುದು ಹಿಡೀಬೇಕು?

2014ರ ಆರ್‌ಸಿಎನ್‌ಎನ್ ಒಂದು ಚಿತ್ರದಿಂದ ಸುಮಾರು 2000 ತುಂಡುಗಳನ್ನು ಆರಿಸಿ ಒಂದೊಂದನ್ನೂ ನ್ಯೂರಲ್ ನೆಟ್‌ವರ್ಕಿಗೆ ಕೊಡುತ್ತಿತ್ತು, ತುಂಬ ನಿಧಾನ. 2015ರ ಫಾಸ್ಟರ್ ಆರ್‌ಸಿಎನ್‌ಎನ್ ತುಂಡು ಆರಿಸುವ ಕೆಲಸವನ್ನೂ ನೆಟ್‌ವರ್ಕಿನೊಳಗೇ ತಂದಿತು. ಯೋಲೋ ಆ ಎರಡು ಹಂತಗಳನ್ನೇ ಬಿಟ್ಟು, ಚಿತ್ರವನ್ನು ಚೌಕಳಿಗಳಾಗಿ ಭಾಗಿಸಿ ಒಂದೇ ಸಲಕ್ಕೆ ಎಲ್ಲ ಬಾಕ್ಸ್‌ಗಳನ್ನೂ ಹೇಳುತ್ತದೆ. 2020ರ ಡೆಟ್ರ್ ಟ್ರಾನ್ಸ್‌ಫಾರ್ಮರ್ ಎಂಬ ಬಗೆಯ ನೆಟ್‌ವರ್ಕ್ ಬಳಸಿ, ಒಂದೇ ವಸ್ತುವಿಗೆ ಹಲವು ಬಾಕ್ಸ್ ಬರುವ ತೊಂದರೆಯನ್ನು ತರಬೇತಿಯಲ್ಲೇ ನಿವಾರಿಸಿತು.

ಹೊಸಬರಿಗೆ ನಮ್ಮ ಸಲಹೆ ಯೋಲೋದ ಚಿಕ್ಕ ಆವೃತ್ತಿ. ಬೇಗ ಕಲಿಯುತ್ತದೆ, ತಪ್ಪು ಬೇಗ ಗೊತ್ತಾಗುತ್ತದೆ. ಆದರೆ ಲೈಸೆನ್ಸ್ ಓದಿ: ಅಲ್ಟ್ರಾಲಿಟಿಕ್ಸ್ ಕಂಪನಿ ಹೊರತರುವ ಯೋಲೋ ಎಜಿಪಿಎಲ್-3.0 ಅಡಿಯಲ್ಲಿದೆ, ಮುಚ್ಚಿದ ವಾಣಿಜ್ಯ ಉತ್ಪನ್ನದೊಳಗೆ ಸೇರಿಸಲು ಬೇರೆ ಪರವಾನಗಿ ಬೇಕು. ಅಪಾಚೆ 2.0 ಅಡಿ ಸಿಗುವ ಯೋಲೋಎಕ್ಸ್‌ಗೆ ಆ ತೊಡಕಿಲ್ಲ.

ಸಿದ್ಧ ಮಾಡೆಲ್ ನಮ್ಮ ಆಟೋರಿಕ್ಷಾನ ಕಾರು ಅನ್ನುತ್ತೆ, ಕೆಲವು ಸಲ ಟ್ರಕ್ ಅನ್ನುತ್ತೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ಅದಕ್ಕೆ ಆಟೋ ಎಂಬ ಹೆಸರೇ ಗೊತ್ತಿಲ್ಲ. ಇಳಿಸಿಕೊಂಡ ಮಾಡೆಲ್‌ಗಳಲ್ಲಿ ಹೆಚ್ಚಿನವು ಕೋಕೋ ಚಿತ್ರಸಂಗ್ರಹದ 80 ವರ್ಗಗಳ ಮೇಲೆ ಕಲಿತವು. ಅದರಲ್ಲಿ ಕಾರು, ಬಸ್ಸು, ಟ್ರಕ್, ಮೋಟರ್‌ಸೈಕಲ್ ಇವೆ, ಹಸು, ಆನೆ ಕೂಡ ಇವೆ, ಆಟೋ ಇಲ್ಲ. ಗೊತ್ತಿರುವ 80ರಲ್ಲಿ ಯಾವುದು ಹತ್ತಿರವೋ ಅದನ್ನು ಹೇಳುತ್ತದೆ.

ಇದಕ್ಕೆ ನಮ್ಮ ನೆಲದಲ್ಲೇ ಉತ್ತರ ಸಿದ್ಧವಾಗಿದೆ. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ ಮಾಡಿದ ಇಂಡಿಯಾ ಡ್ರೈವಿಂಗ್ ಡೇಟಾಸೆಟ್‌ನಲ್ಲಿ ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದ ರಸ್ತೆಗಳ 10,000 ಚಿತ್ರಗಳಿಗೆ 34 ವರ್ಗಗಳಲ್ಲಿ ಗುರುತು ಹಾಕಲಾಗಿದೆ, ಆಟೋರಿಕ್ಷಾ ಅದರಲ್ಲಿ ಪ್ರತ್ಯೇಕ ವರ್ಗ. ಪಟ್ಟೆಯಿಲ್ಲದ ರಸ್ತೆ, ಅಂಚಿನ ಮಣ್ಣು, ಅಡ್ಡ ಬರುವ ದನ ಎಲ್ಲವೂ ಅದರಲ್ಲಿವೆ. ನಮ್ಮ ರಸ್ತೆಗೆ ಮಾಡೆಲ್ ಬೇಕಿದ್ದರೆ ಮೊದಲು ಇದನ್ನು ನೋಡಿ.

ಸ್ವಂತ ಮಾಡೆಲ್ ಮಾಡಲು ಎಷ್ಟು ಫೋಟೋ ಬೇಕು? ಲೇಬಲ್ ಹೇಗೆ ಹಾಕಬೇಕು?

ಅಲ್ಟ್ರಾಲಿಟಿಕ್ಸ್‌ನ ಸಲಹೆ ಪ್ರತಿ ವರ್ಗಕ್ಕೆ 1500ಕ್ಕೂ ಹೆಚ್ಚು ಚಿತ್ರ, 10,000ಕ್ಕೂ ಹೆಚ್ಚು ಗುರುತು. ಅಷ್ಟು ಕೂಡಿಸುವವರೆಗೆ ಕಾಯಬೇಡಿ. ಮೊದಲೇ ಕಲಿತ ಮಾಡೆಲ್ ತೆಗೆದುಕೊಂಡು 200–300 ಚಿತ್ರಗಳಿಂದ ಮುಂದಿನ ತರಬೇತಿ ಕೊಡಿ. ಅದು ಎಲ್ಲಿ ಸೋಲುತ್ತದೆ ಎಂದು ನೋಡಿ, ಅಂಥವೇ ಚಿತ್ರಗಳನ್ನು ಸೇರಿಸಿ. ಚೆನ್ನಾಗಿ ಬರುತ್ತಿರುವ ಥರದ್ದೇ ಇನ್ನೂ ಸಾವಿರ ಸೇರಿಸಿದರೆ ಏನೂ ಹೆಚ್ಚು ಸಿಗುವುದಿಲ್ಲ.

ಲೇಬಲ್ ಹಾಕಲು ಸಿವಿಎಟಿ ಅಥವಾ ಲೇಬಲ್ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಸಾಕು. ಕೆಲಸಕ್ಕೆ ಕೂರುವ ಮುಂಚೆ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ: ಬಾಕ್ಸ್ ಅಂಚಿಗೆ ತಾಗಿರಬೇಕೋ, ಎಲೆಯ ಹಿಂದೆ ಅರ್ಧ ಮರೆಯಾದ ಹಣ್ಣಿಗೆ ಕಾಣುವ ಭಾಗಕ್ಕಷ್ಟೇ ಬಾಕ್ಸೋ ಇಡೀ ಹಣ್ಣಿಗೋ, ಎಷ್ಟು ಚಿಕ್ಕದಿದ್ದರೆ ಬಿಡಬೇಕು. ಯಾವ ನಿಯಮ ಎನ್ನುವುದಕ್ಕಿಂತ ಇಬ್ಬರು ಕೂತರೂ ಒಂದೇ ನಿಯಮ ಇರುವುದು ಮುಖ್ಯ.

ಎಲ್ಲಕ್ಕಿಂತ ಕೆಟ್ಟ ತಪ್ಪು ಒಂದು ಚಿತ್ರದಲ್ಲಿ 12 ಹಣ್ಣಿದ್ದು 9ಕ್ಕೆ ಮಾತ್ರ ಲೇಬಲ್ ಹಾಕುವುದು. ಬಿಟ್ಟ ಮೂರನ್ನು ಮಾಡೆಲ್ ‘ಇದು ಹಣ್ಣಲ್ಲ’ ಎಂದೇ ಕಲಿಯುತ್ತದೆ. ಆ ಚಿತ್ರಕ್ಕೆ ಪೂರ್ತಿ ಹಾಕಿ, ಇಲ್ಲವೇ ಚಿತ್ರವನ್ನೇ ಬಿಡಿ. ವಸ್ತುವೇ ಇಲ್ಲದ ಖಾಲಿ ಚಿತ್ರಗಳೂ 10%ರವರೆಗೆ ಇರಲಿ, ಸುಳ್ಳು ಗುರುತುಗಳು ಕಡಿಮೆಯಾಗುತ್ತವೆ.

ಸ್ಕೋರ್ 0.6 ಬಂದರೆ 60% ಸರಿ ಅಂತಾನಾ?

ಅಲ್ಲ. ಅದು ಮಾಡೆಲ್‌ನ ಒಳಗಿನ ಅಳತೆ, ನಿಜವಾದ ಸಂಭವನೀಯತೆಯ ಜೊತೆ ಅದು ಹೊಂದಲೇಬೇಕೆಂದಿಲ್ಲ. ಒಂದು ಮಾಡೆಲ್‌ನ 0.6, ಇನ್ನೊಂದರ 0.6 ಎರಡನ್ನೂ ಹೋಲಿಸಲೂ ಬರುವುದಿಲ್ಲ. ಪರೀಕ್ಷೆಗೆಂದು ಎತ್ತಿಟ್ಟ ಚಿತ್ರಗಳ ಮೇಲೆ 0.2, 0.3, 0.4 ಎಂದು ಮಿತಿ ಬದಲಿಸುತ್ತಾ ಎಷ್ಟು ತಪ್ಪಿಹೋದವು, ಎಷ್ಟು ಸುಳ್ಳಾಗಿ ಬಂದವು ಎಂದು ಎಣಿಸಿ. ರೋಗದ ಕಾಯಿ ತಪ್ಪಿಸಿಕೊಳ್ಳಬಾರದು ಎಂದಿದ್ದರೆ ಮಿತಿ ಕೆಳಗಿಡಿ. ಪ್ರತಿ ಗುರುತಿಗೂ ಒಬ್ಬರು ಎದ್ದು ಹೋಗಿ ನೋಡಬೇಕಿದ್ದರೆ ಮೇಲಿಡಿ.

ಒಂದೇ ಬೈಕಿಗೆ ಮೂರು ಬಾಕ್ಸ್ ಬರ್ತಿವೆ. ಕಡಿಮೆ ಮಾಡಿದರೆ ಪಕ್ಕದ ಬೈಕೇ ಮಾಯ!

ಇಲ್ಲಿ ಎರಡು ಪದ ತಿಳಿದಿರಬೇಕು. ಐಒಯು ಎಂದರೆ ಎರಡು ಬಾಕ್ಸ್‌ಗಳು ಒಂದರ ಮೇಲೊಂದು ಬಿದ್ದ ಭಾಗವನ್ನು ಎರಡೂ ಸೇರಿ ಆವರಿಸಿದ ಒಟ್ಟು ಜಾಗದಿಂದ ಭಾಗಿಸಿದ್ದು. 100×100ರ ಎರಡು ಬಾಕ್ಸ್‌ಗಳು 20 ಪಿಕ್ಸೆಲ್ ಪಕ್ಕಕ್ಕೆ ಸರಿದಿದ್ದರೆ 8000 ಭಾಗಿಸು 12,000, ಅಂದರೆ 0.67. ಎನ್‌ಎಂಎಸ್ ಎಂಬ ಹಂತ ಹೆಚ್ಚಿನ ಸ್ಕೋರ್‌ನ ಬಾಕ್ಸನ್ನು ಇಟ್ಟುಕೊಂಡು, ಅದರೊಡನೆ ಮಿತಿಗಿಂತ ಹೆಚ್ಚು ಐಒಯು ಇರುವ ಉಳಿದವನ್ನು ಅಳಿಸುತ್ತದೆ.

ಮಿತಿ 0.7 ಇದ್ದರೆ ಮೇಲಿನ ಎರಡೂ ಬಾಕ್ಸ್ ಉಳಿಯುತ್ತವೆ, 0.5ಕ್ಕೆ ಇಳಿಸಿದರೆ ಒಂದು ಹೋಗುತ್ತದೆ. ಆದರೆ ಸಿಗ್ನಲ್‌ನಲ್ಲಿ ಒತ್ತೊತ್ತಾಗಿ ನಿಂತ ಎರಡು ಬೈಕ್‌ಗಳ ಬಾಕ್ಸ್‌ಗಳೂ ಅಷ್ಟೇ ಮೇಲೆ ಬಿದ್ದಿರಬಹುದು. ದಟ್ಟಣೆಯ ದೃಶ್ಯಕ್ಕೆ ಸಾಫ್ಟ್ ಎನ್‌ಎಂಎಸ್ ಪ್ರಯತ್ನಿಸಿ. ಅದು ಬಾಕ್ಸನ್ನು ಅಳಿಸದೆ ಸ್ಕೋರ್ ಇಳಿಸುತ್ತದೆ. ಸಾಧ್ಯವಿದ್ದರೆ ಕ್ಯಾಮೆರಾವನ್ನೇ ಎತ್ತರಕ್ಕೆ ಏರಿಸಿ. ಮೇಲಿನಿಂದ ನೋಡಿದಾಗ ಬೈಕ್‌ಗಳ ನಡುವೆ ಜಾಗ ಕಾಣುತ್ತದೆ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಚಾಟ್ ಎಐಗೆ ಫೋಟೋ ಕೊಟ್ಟು ‘ಬಾಕ್ಸ್ ಹಾಕು’ ಅಂದ್ರೆ ಸಾಕಲ್ವಾ?

ಕೆಲವಕ್ಕೆ ಸಾಕು. ಗ್ರೌಂಡಿಂಗ್ ಡೈನೋದಂಥ ಮಾಡೆಲ್‌ಗಳು ತರಬೇತಿಯಿಲ್ಲದೆ, ಮಾತಿನಲ್ಲಿ ಕೊಟ್ಟ ಹೆಸರಿನಿಂದಲೇ ವಸ್ತು ಹುಡುಕುತ್ತವೆ. ಮೊದಲ ಸುತ್ತಿನ ಲೇಬಲ್ ಹಾಕಿಸಲು ಅವು ಬಹಳ ಅನುಕೂಲ, ಆಮೇಲೆ ಕೈಯಿಂದ ತಿದ್ದಿಕೊಳ್ಳಬಹುದು. ಅಂಕಿಗಳ ಪದ್ಧತಿಯ ಮೇಲೆ ಮಾತ್ರ ಕಣ್ಣಿಡಿ. ಉದಾಹರಣೆಗೆ ಗೂಗಲ್‌ನ ಜೆಮಿನಿ ಬಾಕ್ಸನ್ನು ಸೊನ್ನೆಯಿಂದ 1000ದ ಅಳತೆಯಲ್ಲಿ, ವೈ ಮೊದಲು ಎಕ್ಸ್ ಆಮೇಲೆ ಕೊಡುತ್ತದೆ. ಅದನ್ನು 1000ದಿಂದ ಭಾಗಿಸಿ ಚಿತ್ರದ ಅಳತೆಯಿಂದ ಗುಣಿಸಬೇಕು.

## ಆಳಕ್ಕೆ ಇಳಿದ ಮೇಲೆ

ಬಾಕ್ಸ್‌ಗಳೆಲ್ಲ ಒಂದೇ ಸಮನೆ ಕೆಳಗೋ ಪಕ್ಕಕ್ಕೋ ಜರುಗಿ ಬರ್ತಿವೆ. ಮಾಡೆಲ್ ಮತ್ತೆ ಟ್ರೈನ್ ಮಾಡಬೇಕಾ?

ಬೇಡ. ಎಲ್ಲವೂ ಒಂದೇ ಸಮನೆ ಜರುಗಿದ್ದರೆ ಮಾಡೆಲ್ ಸರಿಯಾಗಿದೆ, ವಾಪಸ್ ಲೆಕ್ಕ ತಪ್ಪಿದೆ. ಯೋಲೋಗೆ ಕೊಡುವ ಚಿತ್ರ ಸಾಮಾನ್ಯವಾಗಿ 640×640. 1280×720 ಚಿತ್ರವನ್ನು ಅದರಲ್ಲಿ ಕೂರಿಸಲು ಅರ್ಧಕ್ಕೆ ಇಳಿಸಿದಾಗ 640×360 ಆಗುತ್ತದೆ, ಉಳಿದ 280 ಸಾಲುಗಳನ್ನು ಮೇಲೆ 140, ಕೆಳಗೆ 140 ಬೂದು ಬಣ್ಣ ತುಂಬಿ ಸರಿದೂಗಿಸುತ್ತಾರೆ. ಆದ್ದರಿಂದ ಮಾಡೆಲ್ (200, 260) ಎಂದರೆ ಮೂಲ ಚಿತ್ರದಲ್ಲಿ ಎಕ್ಸ್ 200 ಭಾಗಿಸು 0.5, ಅಂದರೆ 400. ವೈ 260ರಲ್ಲಿ 140 ಕಳೆದು 0.5ರಿಂದ ಭಾಗಿಸಿದರೆ 240. ಕಳೆಯುವುದು ಮೊದಲು, ಭಾಗಿಸುವುದು ಆಮೇಲೆ. 140 ಕಳೆಯುವುದನ್ನು ಮರೆತರೆ ಎಲ್ಲ ಬಾಕ್ಸ್‌ಗಳೂ 280 ಪಿಕ್ಸೆಲ್ ಕೆಳಗೆ ಹೋಗಿ ಕೂರುತ್ತವೆ.

ಬಾಕ್ಸ್ 90 ಡಿಗ್ರಿ ತಿರುಗಿದಂತಿದ್ದರೆ ಕಾರಣ ಬೇರೆ. ಫೋನ್ ಕ್ಯಾಮೆರಾ ಎಷ್ಟೋ ಸಲ ಚಿತ್ರವನ್ನು ಅಡ್ಡಡ್ಡವಾಗಿಯೇ ಉಳಿಸಿ, ‘ತೋರಿಸುವಾಗ ತಿರುಗಿಸು’ ಎಂದು ಎಕ್ಸಿಫ್‌ನಲ್ಲಿ (ಫೋಟೋ ಫೈಲಿನೊಳಗಿನ ಮಾಹಿತಿಯಲ್ಲಿ) ಬರೆದಿಡುತ್ತದೆ. ಓಪನ್‌ಸಿವಿ ಓದುವಾಗ ತಾನೇ ತಿರುಗಿಸುತ್ತದೆ, ಪೈಥಾನ್‌ನ ಇನ್ನೊಂದು ಚಿತ್ರ ಲೈಬ್ರರಿ ಪಿಲ್ಲೋ ತಾನಾಗಿ ತಿರುಗಿಸುವುದಿಲ್ಲ. ಒಂದರಲ್ಲಿ ಲೇಬಲ್ ಹಾಕಿ ಇನ್ನೊಂದರಲ್ಲಿ ಓದಿದರೆ ಎಡವಟ್ಟು. ಚಿತ್ರಗಳು ಕೈಗೆ ಬಂದ ದಿನವೇ ಎಲ್ಲವನ್ನೂ ನಿಜವಾಗಿ ತಿರುಗಿಸಿ, ಎಕ್ಸಿಫ್ ತೆಗೆದು ಉಳಿಸಿಬಿಡಿ.

ದೊಡ್ಡ ವಸ್ತು ಚೆನ್ನಾಗಿ ಸಿಗುತ್ತೆ, ಚಿಕ್ಕದು ಸಿಗಲ್ಲ. ಕ್ಯಾಮೆರಾ 12 ಮೆಗಾಪಿಕ್ಸೆಲ್ ಇದೆಯಲ್ಲ?

ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದಲ್ಲ, ಮಾಡೆಲ್‌ಗೆ ತಲುಪುವಾಗ ಎಷ್ಟು ಉಳಿದಿದೆ ಎನ್ನುವುದು ಲೆಕ್ಕ. 4000×3000 ಚಿತ್ರ 640×480ಕ್ಕೆ ಇಳಿದಾಗ 6.25 ಪಟ್ಟು ಕುಗ್ಗುತ್ತದೆ, 50 ಪಿಕ್ಸೆಲ್‌ನ ಕಾಯಿ 8 ಪಿಕ್ಸೆಲ್ ಆಗುತ್ತದೆ. ಯೋಲೋದ ಅತಿ ಸೂಕ್ಷ್ಮ ಚೌಕಳಿಯೇ 8 ಪಿಕ್ಸೆಲ್‌ನದು. ಆ ಕಾಯಿಯ ಆಕಾರ ಹೇಳಲು ಒಂದೇ ಕೋಣೆ ಉಳಿಯಿತು.

ಪರಿಹಾರ ಚಿತ್ರವನ್ನು ಕತ್ತರಿಸಿ ಕೊಡುವುದು. 640ರ ತುಂಡುಗಳು, 128 ಪಿಕ್ಸೆಲ್ ಒಂದರ ಮೇಲೊಂದು ಬೀಳುವಂತೆ. ಅಂದರೆ 512ಕ್ಕೊಂದು ಹೆಜ್ಜೆ: ಅಗಲಕ್ಕೆ 8, ಎತ್ತರಕ್ಕೆ 6, ಒಟ್ಟು 48 ತುಂಡು. ಕೆಲಸವೂ 48 ಪಟ್ಟು. ಒಂದರ ಮೇಲೊಂದು ಬೀಳುವ ಭಾಗ ನೀವು ಹುಡುಕುವ ವಸ್ತುವಿಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ವಸ್ತು ಎರಡು ತುಂಡುಗಳ ನಡುವೆ ಸೀಳಿಹೋಗಿ ಎರಡು ಸಲ ಎಣಿಕೆಯಾಗುತ್ತದೆ. ಪ್ರತಿ ತುಂಡಿನ ಬಾಕ್ಸ್‌ಗೆ ಆ ತುಂಡಿನ ಎಡ-ಮೇಲಿನ ಮೂಲೆಯ ಅಂಕಿ ಕೂಡಿಸಿ, ಕೊನೆಯಲ್ಲಿ ಎಲ್ಲದರ ಮೇಲೂ ಒಮ್ಮೆ ಎನ್‌ಎಂಎಸ್ ನಡೆಸಿ. ತರಬೇತಿಯನ್ನೂ ಇಂಥ ತುಂಡುಗಳ ಮೇಲೆಯೇ ಕೊಡಿ.

ಎಂಎಪಿ 0.5ರಲ್ಲಿ 0.9 ಇದೆ, ಇನ್ನೊಂದು ಸಾಲಲ್ಲಿ 0.45 ಇದೆ. ಯಾವುದನ್ನು ನಂಬೋದು?

ಎಂಎಪಿ ಎಂದರೆ ಮಾಡೆಲ್ ಎಷ್ಟು ಸರಿಯಾಗಿ ಹುಡುಕುತ್ತದೆ ಎಂಬುದರ ಒಟ್ಟಾರೆ ಅಂಕ. ಮೊದಲನೆಯದು ಐಒಯು 0.5 ಮುಟ್ಟಿದರೆ ಸಾಕು, ಸರಿ ಎನ್ನುತ್ತದೆ. ಎರಡನೆಯದು 0.50ಯಿಂದ 0.95ರವರೆಗೆ 0.05ರ ಹೆಜ್ಜೆಯಲ್ಲಿ ಹತ್ತು ಮಿತಿಗಳ ಸರಾಸರಿ. ಇವೆರಡರ ನಡುವೆ ಇಷ್ಟು ಅಂತರ ಇದ್ದರೆ ಅರ್ಥ ಇಷ್ಟೇ: ವಸ್ತು ಸಿಗುತ್ತಿದೆ, ಬಾಕ್ಸ್ ಬಿಗಿಯಾಗಿಲ್ಲ. ಎಣಿಸುವ ಕೆಲಸಕ್ಕೆ ಮೊದಲನೆಯದು ಸಾಕು. ರೋಬೋ ಕೈಯಿಂದ ಹಿಡಿಸುವ, ಅಳತೆ ತೆಗೆಯುವ ಕೆಲಸಕ್ಕೆ ಎರಡನೆಯದನ್ನು ನೋಡಿ, ಲೇಬಲ್‌ಗಳೇ ಸಡಿಲವಾಗಿವೆಯೇ ಎಂದು ಪರೀಕ್ಷಿಸಿ.

ವಸ್ತು ಚಿಕ್ಕದಾದಷ್ಟೂ ಐಒಯು ನಿಷ್ಠುರ. 5 ಪಿಕ್ಸೆಲ್ ಪಕ್ಕಕ್ಕೆ ಸರಿದರೆ 100×100 ಬಾಕ್ಸ್‌ಗೆ 0.90 ಉಳಿಯುತ್ತದೆ, 10×10 ಬಾಕ್ಸ್‌ಗೆ 0.33.

ಪರೀಕ್ಷೆಯಲ್ಲಿ 98% ಬಂತು, ತೋಟಕ್ಕೆ ತಗೊಂಡು ಹೋದ್ರೆ ಏನೂ ಸಿಗ್ತಿಲ್ಲ.

ಒಂದೇ ವಿಡಿಯೋದಿಂದ ಫ್ರೇಮ್‌ಗಳನ್ನು ತೆಗೆದು, ಕಲಸಿ, 80–20 ಎಂದು ಭಾಗ ಮಾಡಿದ್ದೀರಾ? ಹಾಗಿದ್ದರೆ ಪರೀಕ್ಷೆಯ ಫ್ರೇಮ್‌ನ ಪಕ್ಕದ್ದು, ಸೆಕೆಂಡಿನ ಮೂವತ್ತರಲ್ಲೊಂದು ಭಾಗ ಹಿಂದಿನದು, ತರಬೇತಿಯಲ್ಲಿತ್ತು. ಅದು ಬಾಯಿಪಾಠ ಒಪ್ಪಿಸಿದಂತೆ. ಭಾಗ ಮಾಡುವುದು ಫ್ರೇಮಿನ ಲೆಕ್ಕದಲ್ಲಲ್ಲ, ತೋಟದ ಲೆಕ್ಕದಲ್ಲಿ, ದಿನದ ಲೆಕ್ಕದಲ್ಲಿ: ಒಂದು ತೋಟವನ್ನು, ಒಂದು ಮೋಡದ ದಿನವನ್ನು ಪೂರ್ತಿಯಾಗಿ ಪರೀಕ್ಷೆಗೆ ಎತ್ತಿಡಿ. ಅಂಕ ಬಿದ್ದುಹೋಗುತ್ತದೆ. ತೋಟದಲ್ಲಿ ಸಿಗುವುದೂ ಅದೇ ಅಂಕ.

ಕಾಡಿನ ಕ್ಯಾಮೆರಾ ಟ್ರ್ಯಾಪ್‌ನ ಲಕ್ಷಾಂತರ ಫೋಟೋ ಇವೆ, ಹೆಚ್ಚಿನವು ಖಾಲಿ. ಬೇರ್ಪಡಿಸೋದು ಹೇಗೆ?

ಇದಕ್ಕೆ ಮೆಗಾಡಿಟೆಕ್ಟರ್ ಎಂಬ ಉಚಿತ ಮಾಡೆಲ್ ಇದೆ. ಪ್ರಾಣಿ, ಮನುಷ್ಯ, ವಾಹನ ಎಂದು ಮೂರನ್ನು ಮಾತ್ರ ಗುರುತಿಸುತ್ತದೆ. ಕಡವೆಯೋ ಕಾಟಿಯೋ ಎಂದು ಹೇಳುವುದಿಲ್ಲ, ಹೇಳಲು ಮಾಡಿದ್ದೂ ಅಲ್ಲ. ಗಾಳಿಗೆ ಅಲುಗಾಡಿದ ಹುಲ್ಲಿನ ಫೋಟೋಗಳನ್ನು ಪಕ್ಕಕ್ಕಿಟ್ಟು, ಪ್ರಾಣಿಯಿರುವ ಬಾಕ್ಸ್‌ಗಳನ್ನು ಕತ್ತರಿಸಿ ತಜ್ಞರ ಮುಂದಿಡುವುದು ಅದರ ಕೆಲಸ. ಮಿತಿಯನ್ನು ಕೆಳಗೇ ಇಡಿ, 0.2ರ ಆಸುಪಾಸು, ರಾತ್ರಿಯ ಇನ್‌ಫ್ರಾರೆಡ್ ಚಿತ್ರದ ಅಂಚಿನಲ್ಲಿ ಕಂಡ ಬಾಲವೂ ದಾಖಲೆಯೇ. ಒಂದೇ ಮರದ ಬೊಡ್ಡೆಯನ್ನು ನೂರಾರು ಫೋಟೋಗಳಲ್ಲಿ ಪ್ರಾಣಿ ಎನ್ನುತ್ತಿದ್ದರೆ, ಒಂದೇ ಕ್ಯಾಮೆರಾದಲ್ಲಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಬಾಕ್ಸ್‌ಗಳನ್ನು ಒಟ್ಟಿಗೆ ತೆಗೆದು ಒಮ್ಮೆ ನೋಡಿ ಅಳಿಸಿ.

ಪಿಕ್ಸೆಲ್‌ನಲ್ಲಿ ಜಾಗ ಸಿಕ್ಕಿತು. ನೆಲದ ಮೇಲೆ ಎಷ್ಟು ಮೀಟರ್ ಅಂತ ಹೇಗೆ?

ಕ್ಯಾಮೆರಾ ಕಂಬಕ್ಕೆ ಕಟ್ಟಿದ್ದು, ನೆಲ ಸಮತಟ್ಟಾಗಿದ್ದರೆ ಹೋಮೋಗ್ರಫಿ. ನೆಲದ ಮೇಲೆ ನಾಲ್ಕು ಗುರುತು ಹಾಕಿ ಟೇಪಿನಿಂದ ಅಳೆಯಿರಿ, ಯಾವ ಮೂರೂ ಒಂದೇ ಗೆರೆಯಲ್ಲಿ ಇರಬಾರದು. ಅವು ಚಿತ್ರದಲ್ಲಿ ಎಲ್ಲಿವೆ ಎಂದು ಓದಿ, ಎರಡನ್ನೂ ಫೈಂಡ್ ಹೋಮೋಗ್ರಫಿ ಫಂಕ್ಷನ್‌ಗೆ ಕೊಡಿ. ಆಮೇಲೆ ಬಾಕ್ಸ್‌ನ ನಡುಬಿಂದುವನ್ನಲ್ಲ, ಕೆಳ ಅಂಚಿನ ಮಧ್ಯವನ್ನು ಬದಲಾಯಿಸಿ. ನೆಲ ಮುಟ್ಟಿರುವುದು ಚಕ್ರ, ವಾಹನದ ಹೊಟ್ಟೆಯಲ್ಲ. ನಡುಬಿಂದು ತೆಗೆದುಕೊಂಡರೆ ವಾಹನ ಇರುವುದಕ್ಕಿಂತ ದೂರದಲ್ಲಿದೆ ಎಂದು ಬರುತ್ತದೆ. ಅಗಲ ಕೋನದ ಲೆನ್ಸಾದರೆ ಮೊದಲು ಚೆಕರ್‌ಬೋರ್ಡಿನ 10–20 ಫೋಟೋ ತೆಗೆದು ಬಾಗು ಸರಿಪಡಿಸಿ.

ಒಂಟಿ ಫೋಟೋ ಮಾತ್ರ ಇದ್ದು ವಸ್ತುವಿನ ನಿಜ ಎತ್ತರ ಗೊತ್ತಿದ್ದರೆ: ದೂರ = ಪಿಕ್ಸೆಲ್‌ನಲ್ಲಿ ಫೋಕಲ್ ಲೆಂಗ್ತ್ × ನಿಜ ಎತ್ತರ ÷ ಪಿಕ್ಸೆಲ್ ಎತ್ತರ. 1 ಮೀಟರ್ ಕೋಲನ್ನು 5 ಮೀಟರ್ ದೂರದಲ್ಲಿ ನೆಟ್ಟು ಫೋಟೋ ತೆಗೆಯಿರಿ. ಅದು 600 ಪಿಕ್ಸೆಲ್ ಬಂದರೆ ಫೋಕಲ್ ಲೆಂಗ್ತ್ 3000. ಅದೇ ಕೋಲು 150 ಪಿಕ್ಸೆಲ್ ಕಂಡರೆ ದೂರ 20 ಮೀಟರ್. ಬಾಕ್ಸ್ 10 ಪಿಕ್ಸೆಲ್ ಕಡಿಮೆಯಾಗಿ 140 ಬಂದರೆ 21.4 ಮೀಟರ್. ದೂರ ಹೆಚ್ಚಾದಂತೆ ಈ ತಪ್ಪು ಇನ್ನೂ ಬೇಗ ಬೆಳೆಯುತ್ತದೆ.

ಡ್ರೋನ್ ನೇರ ಕೆಳಗೆ ನೋಡುತ್ತಿದ್ದರೆ ಒಂದು ಪಿಕ್ಸೆಲ್‌ನ ಅಳತೆ = ಎತ್ತರ × ಸೆನ್ಸರ್ ಅಗಲ ÷ (ಫೋಕಲ್ ಲೆಂಗ್ತ್ × ಚಿತ್ರದ ಅಗಲ). 13.2 ಮಿ.ಮೀ. ಸೆನ್ಸರ್, 8.8 ಮಿ.ಮೀ. ಲೆನ್ಸ್, 5472 ಪಿಕ್ಸೆಲ್ ಅಗಲದ ಚಿತ್ರ, 50 ಮೀಟರ್ ಎತ್ತರ ಎಂದರೆ ಒಂದು ಪಿಕ್ಸೆಲ್‌ಗೆ 1.37 ಸೆಂ.ಮೀ. ಆದರೆ ಇದು ನೆಲದ ಲೆಕ್ಕ. 15 ಮೀಟರ್ ಎತ್ತರದ ಅಡಿಕೆ ಮರದ ಚಂಡೆಗೆ (ತುದಿಯ ಗರಿಗಳ ಗುಂಪಿಗೆ) ಡ್ರೋನ್‌ನಿಂದ ಇರುವ ದೂರ 35 ಮೀಟರ್, ಅಲ್ಲಿ ಒಂದು ಪಿಕ್ಸೆಲ್ 0.96 ಸೆಂ.ಮೀ. ನೆಲದ ಅಂಕಿಯನ್ನೇ ಹಿಡಿದು ಚಂಡೆಯ ಅಗಲ ಅಳೆದರೆ 2 ಮೀಟರ್‌ನದು ಸುಮಾರು 2.86 ಮೀಟರ್ ಎಂದು ಬರುತ್ತದೆ.